ಬೆಳಕಿಂಡಿಯಿಂದ ಗ್ಯಾಸ್ ಹೊರಗೆ ಹೋಗುವುದಿಲ್ಲ: ನಮ್ಮ ಕಡೆ ಮನೆಗಳಿಗೊಂದು ಸಿಲಿಂಡರ್ ಮಾರ್ಗದರ್ಶಿ

ಬೆಟಗೇರಿಯ ನಮ್ಮ ಹಳೇ ಮನೆ. ಒಂದು ಸಂಜೆ ಅವ್ವ ಕಟ್ಟೆಯ ಮುಂದೆ ನಿಂತು ಹಿಟ್ಟು ನಾದುತ್ತಿದ್ದಳು. ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಉಳ್ಳಾಗಡ್ಡಿ ಚೀಲದಾಗ ಯಾವುದೋ ಕೊಳತೈತಿ ನೋಡ್ವಾ, ನಾರಾಕತ್ತೈತಿ" ಅಂದಳು ಅಜ್ಜಿ. ಅವ್ವ ಮೂಗು ಎಳೆದು ನೋಡಿ, ಏನೂ ಇಲ್ಲ ಅಂದಳು. ಚೀಲ ತಿರುವಿ ಹಾಕೋಣ ಅಂತ ನಾನು ಬಗ್ಗಿದೆ, ಆಗ ನನ್ನ ಮೂಗಿಗೂ ಹೊಡೆಯಿತು. ಉಳ್ಳಾಗಡ್ಡಿ ಎಲ್ಲವೂ ಗಟ್ಟಿಯಾಗಿದ್ದವು. ಮಧ್ಯಾಹ್ನ ಬಂದಿದ್ದ ಹೊಸ ಸಿಲಿಂಡರಿನ ವಾಲ್ವ್ ಒಳಗೆ ಇರಬೇಕಾದ ಕರಿ ವಾಷರ್ ಇರಲಿಲ್ಲ, ಅಲ್ಲಿಂದ ಗ್ಯಾಸ್ ಸೋರುತ್ತಿತ್ತು. ದೇವರ ಜಗಲಿಗೆ ದೀಪ ಹಚ್ಚುವ ಹೊತ್ತು ಇನ್ನೇನು ಬಂದೇ ಬಿಟ್ಟಿತ್ತು.

ನಿಂತವಳಿಗೆ ಬಾರದ ವಾಸನೆ ಕೂತವಳಿಗೆ ಬಂದದ್ದು ಯಾಕೆ ಅಂತ ಒಮ್ಮೆ ತಿಳಿದುಕೊಂಡರೆ, ಸಿಲಿಂಡರಿನ ಮುಕ್ಕಾಲು ಪಾಲು ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಅಡುಗೆ ಗ್ಯಾಸ್ ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಹೊಗೆಯ ಹಾಗೆ ಮೇಲೇಳುವುದಿಲ್ಲ. ಚೆಲ್ಲಿದ ನೀರಿನ ಹಾಗೆ ನೆಲ ಹಿಡಿದು, ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಅದಕ್ಕೆ ಸ್ವಂತ ವಾಸನೆಯೂ ಇಲ್ಲ. ಸೋರಿದ್ದು ಗೊತ್ತಾಗಲಿ ಎಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕ ಬೆರೆಸಿರುತ್ತಾರೆ, ಅಜ್ಜಿ ಕೊಳೆತ ಉಳ್ಳಾಗಡ್ಡಿ ಅಂದದ್ದು ಅದಕ್ಕೇ.

ನಮ್ಮ ಭಾಗದ ಹಳೇ ಮನೆಗಳು ಕಟ್ಟಿಗೆ ಒಲೆಯ ಕಾಲದವು. ಹೊಗೆ ಹೋಗಲಿ ಅಂತ ಮಾಳಿಗೆಯಲ್ಲಿ ಬೆಳಕಿಂಡಿ ಬಿಟ್ಟಿರುತ್ತಾರೆ. ಹೊಗೆಗೆ ಅದು ಸರಿ, ಗ್ಯಾಸಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಗ್ಯಾಸ್ ಹೊರಗೆ ಹೋಗಬೇಕಾದರೆ ನೆಲಮಟ್ಟದಲ್ಲಿ ದಾರಿ ಬೇಕು: ಹಿತ್ತಲ ಬಾಗಿಲು, ಬಾಗಿಲ ಕೆಳಗಿನ ಸಂದು, ಗೋಡೆಯ ಬುಡದಲ್ಲಿ ಕೊರೆದ ಜಾಳಿಗೆ. ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಕಂಡವರಿಗೆ ಈ ಮಾತು ಬೇಗ ತಿಳಿಯುತ್ತದೆ. ಜೋಳದ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ತಳದಲ್ಲಿ ಕೂತಿರುತ್ತದೆ ಅಂತ ಹಿರಿಯರಿಗೆ ಗೊತ್ತಿತ್ತು. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು, ಆರಿದರೆ ಇಳಿಯುವಂತಿಲ್ಲ. ಗ್ಯಾಸೂ ಹಾಗೆಯೇ ತಳ ಹಿಡಿಯುತ್ತದೆ. ಆದರೆ ಇಲ್ಲಿ ದೀಪ ಇಳಿಸಿ ನೋಡಿದರೆ ದೀಪ ಆರುವುದಿಲ್ಲ, ಮನೆ ಹೊತ್ತುತ್ತದೆ. ಗಾಳಿಯಲ್ಲಿ ನೂರಕ್ಕೆ 2ರಷ್ಟು ಗ್ಯಾಸ್ ಬೆರೆತರೂ ಸಾಕು.

ಸಿಲಿಂಡರ್ ಮನೆ ಬಾಗಿಲಿಗೆ ಬಂದಾಗ

ಡೆಲಿವರಿ ಹುಡುಗನಿಗೆ ಗಡಿಬಿಡಿ, ನಮಗೂ ಗಡಿಬಿಡಿ. ಒಟಿಪಿ ಹೇಳಿದೆವು, ದುಡ್ಡು ಕೊಟ್ಟೆವು, ಮುಗಿಯಿತು. ಹಾಗೆ ಮಾಡಬೇಡಿ. ಬಾಗಿಲಲ್ಲೇ ಎರಡು ನಿಮಿಷ ನಿಲ್ಲಿಸಿಕೊಳ್ಳಿ. ತೂಕ ಮಾಡಿ ತೋರಿಸು, ಸೋರಿಕೆ ನೋಡಿ ಕೊಡು ಅಂತ ಕೇಳುವುದು ಗ್ರಾಹಕರ ಹಕ್ಕು, ಮುಲಾಜಿನ ಮಾತಲ್ಲ.

ಮೊದಲು ಸೀಲ್ ಮತ್ತು ಬಿಳಿ ಕ್ಯಾಪ್. ಸೀಲ್ ಹರಿದಿದ್ದರೆ ಸಿಲಿಂಡರ್ ಒಳಗೇ ತರಿಸಬೇಡಿ. ಆಮೇಲೆ ತೂಕ. ಹಿಡಿಕೆಯ ಕೆಳಗೆ ನಿಂತಿರುವ ಕಬ್ಬಿಣದ ಪಟ್ಟಿಗಳಲ್ಲಿ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ. ಅದು 15.3 ಕಿಲೋ ಅಂತಿದ್ದರೆ, 14.2 ಕಿಲೋ ಗ್ಯಾಸ್ ಸೇರಿ 29.5 ಕಿಲೋ ತೂಗಬೇಕು. ಅದೇ ಪಟ್ಟಿಗಳಲ್ಲಿ ಇನ್ನೊಂದರ ಒಳಬದಿಗೆ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿ ಇರುತ್ತವೆ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಅದು ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕಾದ ಗಡುವು. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಸಿ ಅಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. 'ಬಿ 29' ಎಂದಿದ್ದರೆ 2029ರ ಜೂನ್ ತನಕ ಅಡ್ಡಿಯಿಲ್ಲ. ಗಡುವು ಮುಗಿದಿದ್ದರೆ ವಾಪಸ್ ಕಳಿಸಿ.

ಕೊನೆಯದು ವಾಷರ್, ಅಂದರೆ ನಮ್ಮ ಮನೆಯಲ್ಲಿ ತಪ್ಪಿದ್ದು. ಕ್ಯಾಪ್ ತೆಗೆದು ವಾಲ್ವ್ ಒಳಗೆ ಇಣುಕಿ ನೋಡಿದರೆ ಕರಿ ರಬ್ಬರಿನ ಉಂಗುರ ಕಾಣಬೇಕು. ಸೀಳಿರಬಾರದು, ಸೊಟ್ಟ ಕೂತಿರಬಾರದು. ವಾಲ್ವಿನ ಬಾಯಿಗೆ ಒಂದು ಚಮಚ ನೀರು ಹಾಕಿ ನೋಡಿ. ಗುಳ್ಳೆ ಎದ್ದರೆ ವಾಲ್ವ್ ಸೋರುತ್ತಿದೆ ಅಂತ ಅರ್ಥ. ಕ್ಯಾಪಿಗೆ ಕಟ್ಟಿದ ದಾರವನ್ನು ಕತ್ತರಿಸಬೇಡಿ. ನಮ್ಮ ಮನೆಯಲ್ಲಿ ಆ ಸಂಜೆ ಕ್ಯಾಪ್ ಕೈಗೆ ಸಿಗಲು ಉಳ್ಳಾಗಡ್ಡಿ ಚೀಲವನ್ನೇ ಬೋರಲು ಹಾಕಬೇಕಾಯಿತು. ಯಾರೋ ದಾರ ಹರಿದು ಎಲ್ಲೋ ಎಸೆದಿದ್ದರು. ಆ 'ಯಾರೋ' ನಾನೇ.

ಎಲ್ಲಿ ಇಡಬೇಕು

ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಸಮತಟ್ಟಾದ ನೆಲದ ಮೇಲೆ. ಒಲೆ ಯಾವತ್ತೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಯಾಕೆ ಅಂತ ಈಗ ಹೇಳಬೇಕಿಲ್ಲ. ನೆಲದ ಮೇಲೆ ಒಲೆ ಇಟ್ಟು ಪಕ್ಕದಲ್ಲಿ ಸಿಲಿಂಡರ್ ಇಟ್ಟರೆ, ಸೋರಿದ್ದು ನೇರ ಉರಿಯ ಕಡೆಗೇ ಹರಿಯುತ್ತದೆ. ಧಾರವಾಡದ ಸಪ್ತಾಪುರದ ಕಡೆ ಪರೀಕ್ಷೆಗೆ ಓದುವ ಹುಡುಗರ ರೂಮುಗಳಲ್ಲಿ ಇದೇ ಸ್ಥಿತಿ. ಒಂದೇ ಕೋಣೆ, ನೆಲದ ಮೇಲೆ ಒಲೆ, ಒಲೆಯಿಂದ ಎರಡು ಮೊಳ ದೂರದಲ್ಲಿ ಚಾಪೆ. ಕಲ್ಲಿನ ಕಟ್ಟೆ ಇಲ್ಲದಿದ್ದರೆ ಗಟ್ಟಿಯಾದ ಕಬ್ಬಿಣದ ಮೇಜಾದರೂ ತನ್ನಿ. ರಾತ್ರಿ ಮಲಗುವಾಗ ಒಲೆಯ ತಿರುಪು ಬಂದ್ ಮಾಡಿದರೆ ಸಾಲದು, ರೆಗ್ಯುಲೇಟರ್ ಬಂದ್ ಆಗಬೇಕು.

ಈಗಿನ ಮನೆಗಳಲ್ಲಿ ಕಟ್ಟೆಯ ಕೆಳಗೆ ಚೆಂದದ ಕಪಾಟು ಮಾಡಿಸಿ ಸಿಲಿಂಡರನ್ನು ಅದರೊಳಗೆ ಮುಚ್ಚಿಡುತ್ತಾರೆ. ನೋಡಲು ಚೆಂದವೇ. ಆದರೆ ಮುಚ್ಚಿದ ಕಪಾಟು ಅಂದರೆ ಸಣ್ಣ ಹಗೇವು. ಇಡಲೇಬೇಕಾದರೆ ಬಾಗಿಲಿನ ತಳದಲ್ಲಿ ದೊಡ್ಡ ಜಾಳಿಗೆ ಹಾಕಿಸಿ. ಮೇಲೆ ನಾಲ್ಕು ತೂತು ಕೊರೆದರೆ ಉಪಯೋಗವಿಲ್ಲ. ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಯಲ್ಲಿ, ಬಚ್ಚಲ ಮೋರಿಯ ಬಾಯಿಯ ಪಕ್ಕದಲ್ಲಿ ಇಡಬೇಡಿ. ಮೋರಿಗೆ ಇಳಿದ ಗ್ಯಾಸ್ ಎಲ್ಲಿ ಮೇಲೆ ಬರುತ್ತದೆ ಅಂತ ಹೇಳಲಾಗುವುದಿಲ್ಲ.

ಇನ್ನು ದೇವರು. ಹುಬ್ಬಳ್ಳಿ, ಗದಗ, ಹಾವೇರಿಯ ಎಷ್ಟೋ ಮನೆಗಳಲ್ಲಿ ಜಗಲಿ ಅಡುಗೆಮನೆಯಲ್ಲೇ ಇದೆ, ಅದೂ ನೆಲಕ್ಕೆ ಹತ್ತಿರ. ಹಗಲು ರಾತ್ರಿ ನಂದಾದೀಪ. ದೇವರನ್ನು ಬೇರೆ ಕೋಣೆಗೆ ಒಯ್ಯಿರಿ ಅಂದರೆ ಮನೆಯಲ್ಲಿ ಜಗಳ ಆಗುತ್ತದೆ, ನನಗೂ ಅದರ ಅನುಭವ ಇದೆ. ನಾವು ಸಿಲಿಂಡರನ್ನೇ ಹಿತ್ತಲ ಬಾಗಿಲ ಕಡೆಗೆ ಸರಿಸಿದೆವು, ನಂದಾದೀಪವನ್ನು ಎದೆಮಟ್ಟದ ಗೂಡಿಗೆ ಏರಿಸಿದೆವು. ಅಷ್ಟರಿಂದ ಅಪಾಯ ಪೂರ್ತಿ ತಪ್ಪಿತು ಅನ್ನಲಾರೆ, ನೆಲದ ಮೇಲೆ ಉರಿ ಇಲ್ಲದಂತಾಯಿತು.

ಪೈಪಿನ ವಿಷಯ

ಹಸಿರು ಬಣ್ಣದ ಬರೀ ರಬ್ಬರ್ ಪೈಪಿನ ಕಾಲ ಮುಗಿದಿದೆ. ಈಗ ಬೇಕಾದದ್ದು ಒಳಗೆ ತಂತಿಯ ಹೆಣಿಗೆ ಇರುವ ಕೇಸರಿ ಬಣ್ಣದ 'ಸುರಕ್ಷಾ' ಪೈಪು. ಮೇಲೆ ಐಎಸ್‌ಐ ಗುರುತು ಇರಬೇಕು, ಉದ್ದ ಒಂದೂವರೆ ಮೀಟರ್ ದಾಟಬಾರದು. ಆಯುಷ್ಯ 5 ವರ್ಷ, ತಯಾರಾದ ತಿಂಗಳು ಪೈಪಿನ ಮೇಲೆಯೇ ಅಚ್ಚಾಗಿರುತ್ತದೆ. ನಡುವೆ ಜೋಡಿಸಿ ಉದ್ದ ಮಾಡುವುದು, ಗೋಡೆಯೊಳಗೆ ತೂರಿಸಿ ಪಕ್ಕದ ಕೋಣೆಗೆ ಒಯ್ಯುವುದು ಎರಡೂ ಬೇಡ. ಪೈಪಿಗೆ ಬಟ್ಟೆಯ ಕವಚ ಹೊಲಿದು ಹಾಕುವ ಅಕ್ಕರೆಯ ಹೆಣ್ಣುಮಕ್ಕಳಿದ್ದಾರೆ. ಬಿರುಕು ಕಾಣದಂತೆ ಮುಚ್ಚುವುದು ಬಿಟ್ಟರೆ ಅದರಿಂದ ಏನೂ ಆಗದು. ಸುಗ್ಗಿ ಮುಗಿದು ಕಾಳಿನ ಚೀಲ ಮನೆಗೆ ಬಂದರೆ ಇಲಿಯೂ ಹಿಂದೆಯೇ ಬರುತ್ತದೆ. ತಂತಿ ಇರುವ ಪೈಪನ್ನೂ ಮೇಲಿನ ಪದರ ಕೆರೆದು ಬಿಡುತ್ತದೆ. ತಿಂಗಳಿಗೊಮ್ಮೆ ಪೈಪನ್ನು ಬೆರಳಲ್ಲಿ ಸವರಿ, ಬಗ್ಗಿಸಿ ನೋಡಿ.

ಸಿಲಿಂಡರ್ ಬದಲಿಸುವ ಕ್ರಮ

ಇದೊಂದನ್ನು ಮಾತ್ರ ಅಂಕಿ ಹಾಕಿಯೇ ಬರೆಯುತ್ತೇನೆ, ಯಾಕೆಂದರೆ ಹಿಂದು ಮುಂದು ಆಗಬಾರದು. ಆದಷ್ಟು ಹಗಲಲ್ಲೇ ಮಾಡಿ.

1. ಒಲೆಯ ಎಲ್ಲ ತಿರುಪುಗಳು ಬಂದ್. ಮನೆಯಲ್ಲಿ ಉರಿಯುವ ದೀಪ, ಊದಿನಕಡ್ಡಿ, ಸೊಳ್ಳೆ ಬತ್ತಿ ಎಲ್ಲ ನಂದಿಸಿ. ಪಕ್ಕದ ಕೋಣೆಯದ್ದೂ ಸೇರಿ.
2. ಹಿತ್ತಲ ಬಾಗಿಲು, ಕಿಟಕಿ ತೆರೆಯಿರಿ.
3. ರೆಗ್ಯುಲೇಟರಿನ ತಿರುಪು ಬಂದ್ ಮಾಡಿ, ಕೆಳಗಿನ ಕರಿ ಬಳೆ ಮೇಲಕ್ಕೆತ್ತಿ ಬಿಡಿಸಿ. ಖಾಲಿ ಸಿಲಿಂಡರಿಗೆ ತಕ್ಷಣ ಕ್ಯಾಪ್ ಹಾಕಿ. ಖಾಲಿ ಅಂತ ನಾವು ಅನ್ನುತ್ತೇವೆ ಅಷ್ಟೇ, ಒಳಗೆ ಗ್ಯಾಸ್ ಉಳಿದೇ ಇರುತ್ತದೆ.
4. ಹೊಸ ಸಿಲಿಂಡರಿನ ಕ್ಯಾಪ್ ತೆಗೆದು ವಾಷರ್ ಇನ್ನೊಮ್ಮೆ ನೋಡಿ.
5. ರೆಗ್ಯುಲೇಟರ್ ಬಂದ್ ಇರುವಾಗಲೇ, ಕರಿ ಬಳೆ ಎತ್ತಿ ಹಿಡಿದು ವಾಲ್ವ್ ಮೇಲೆ ಕೂರಿಸಿ, ಸ್ವಲ್ಪ ತಿರುಗಿಸುತ್ತಾ ಒತ್ತಿ, ಬಳೆ ಕೆಳಗೆ ಬಿಡಿ. 'ಟಕ್' ಅನ್ನಬೇಕು. ಮೇಲಕ್ಕೆ ಎಳೆದು ನೋಡಿ, ಬರಬಾರದು.
6. ರೆಗ್ಯುಲೇಟರ್ ತೆರೆಯಿರಿ, ಒಲೆ ಹಚ್ಚಬೇಡಿ. ಸಾಬೂನಿನ ನೊರೆಯನ್ನು ವಾಲ್ವ್ ಸುತ್ತ, ಪೈಪಿನ ಎರಡೂ ತುದಿಗೆ ಹಚ್ಚಿ. ಗುಳ್ಳೆ ದೊಡ್ಡದಾಗುತ್ತಾ ಹೋದರೆ ಸೋರಿಕೆ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ನನ್ನ ಕಣ್ಣಾರೆ ಕಂಡಿದ್ದೇನೆ.

ಗ್ಯಾಸ್ ತೀರುತ್ತಾ ಬಂದಾಗ ಸಿಲಿಂಡರನ್ನು ಅಡ್ಡ ಮಲಗಿಸಿ ಕೊನೆಯ ಉರಿ ತೆಗೆಯುವುದು ನಮ್ಮಲ್ಲಿ ಮನೆಮನೆಯ ಚಾಳಿ. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ನುಗ್ಗಬಹುದು. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಒಂದು ಹೊತ್ತಿನ ಚಹಾಕ್ಕಾಗಿ ಅಷ್ಟು ಸಾಹಸ ಬೇಡ, ಪಕ್ಕದ ಮನೆಯಲ್ಲಿ ಕುಡಿಯಿರಿ.

ವಾಸನೆ ಬಂದರೆ

ಕೈ ಮೊದಲು ಹೋಗುವುದು ಸ್ವಿಚ್ಚಿಗೆ. ಅದನ್ನೇ ತಡೆಯಬೇಕು. ಲೈಟ್ ಹಾಕಬಾರದು, ಉರಿಯುತ್ತಿರುವ ಲೈಟ್ ಆರಿಸಲೂಬಾರದು. ಎರಡರಲ್ಲೂ ಸ್ವಿಚ್ಚಿನೊಳಗೆ ಕಿಡಿ ಹಾರುತ್ತದೆ. ವಾಸನೆ ಹೋಗಲಿ ಅಂತ ಎಕ್ಸಾಸ್ಟ್ ಫ್ಯಾನ್ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಉರಿ ಕಂಡರೆ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ. ಆಗಲೂ ಸೋರುತ್ತಿದ್ದರೆ ರೆಗ್ಯುಲೇಟರ್ ಬಿಡಿಸಿ ಕ್ಯಾಪ್ ಹಾಕಿ. ಬಾಗಿಲು, ಕಿಟಕಿ ತೆರೆದು, ಕೂಸು, ಮುದುಕರು, ಮಲಗಿದವರನ್ನು ಎಬ್ಬಿಸಿಕೊಂಡು ಹೊರಗೆ ಬನ್ನಿ. ಫ್ರಿಜ್ ತನ್ನಷ್ಟಕ್ಕೆ ತಾನೇ ಚಾಲೂ ಆಗುವಾಗಲೂ ಕಿಡಿ ಬರಬಹುದು, ಆದ್ದರಿಂದ ಮೇನ್ ಸ್ವಿಚ್ ಹೊರಗೆ ಗ್ಯಾಸ್ ಇಲ್ಲದ ಕಡೆ ಇದ್ದರೆ ಅಲ್ಲಿಂದ ಕರೆಂಟ್ ತೆಗೆಯಿರಿ. ಒಳಗಿದ್ದರೆ ಅದರ ಗೊಡವೆ ಬೇಡ.

ಹೊರಗೆ ಬಂದ ಮೇಲೆ ಫೋನ್ ತೆಗೆಯಿರಿ. 1906 ಗ್ಯಾಸ್ ಸೋರಿಕೆಗೇ ಇರುವ ನಂಬರು, ಹಗಲು ರಾತ್ರಿ ಕೆಲಸ ಮಾಡುತ್ತದೆ. ಬೆಂಕಿ ಹತ್ತಿದ್ದರೆ 112 ಅಥವಾ 101.

ವಾಲ್ವ್ ಬಳಿ ಸಣ್ಣ ಉರಿ ಕಂಡು, ಕೈಗೆ ರೆಗ್ಯುಲೇಟರ್ ಎಟುಕುವಂತಿದ್ದರೆ, ಒದ್ದೆ ಮಾಡಿದ ದಪ್ಪ ಹತ್ತಿಯ ಕೌದಿ ಮುಚ್ಚಿ ತಿರುಪು ಬಂದ್ ಮಾಡಬಹುದು. ಎಟುಕದಿದ್ದರೆ ಬಿಟ್ಟು ಹೊರಡಿ. ಪೇಪರಿನಲ್ಲಿ 'ಸಿಲಿಂಡರ್ ಸ್ಫೋಟ' ಅಂತ ಓದುತ್ತೇವಲ್ಲ, ಬಹಳ ಸಲ ಸಿಲಿಂಡರ್ ಒಡೆದಿರುವುದೇ ಇಲ್ಲ. ಕೋಣೆಯಲ್ಲಿ ತುಂಬಿದ ಗ್ಯಾಸ್ ಹೊತ್ತಿಕೊಂಡಿರುತ್ತದೆ. ಸಿಲಿಂಡರ್ ನಿಜಕ್ಕೂ ಒಡೆಯುವುದು ಹೊರಗಿನ ಬೆಂಕಿ ಅದನ್ನು ಬಹಳ ಹೊತ್ತು ಕಾಯಿಸಿದಾಗ. ಅಷ್ಟು ಹೊತ್ತು ನೀವು ಅಲ್ಲಿರಬಾರದು.

ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, 20 ನಿಮಿಷ. ಟೂತ್‌ಪೇಸ್ಟ್, ಶಾಯಿ, ಅರಿಸಿನ ಯಾವುದೂ ಬೇಡ. ಅಂಟಿಕೊಂಡ ಬಟ್ಟೆ ಕಿತ್ತು ತೆಗೆಯಬೇಡಿ. ಆಮೇಲೆ ಆಸ್ಪತ್ರೆ. ಹುಬ್ಬಳ್ಳಿಯವರಿಗೆ ಕಿಮ್ಸ್ ಅಂದರೆ ಸಾಕು, ಹೆಸರು ಈಗ ಕೆಎಂಸಿ-ಆರ್‌ಐ ಎಂದಾಗಿದ್ದರೂ ಆಟೋದವರಿಗೆ ಹಳೇ ಹೆಸರೇ.

ಹತ್ತು ಜನ ಸೇರುವಲ್ಲಿ

2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್ ಭಾಗದಲ್ಲಿ, ದೇವಸ್ಥಾನದ ಕೋಣೆಯಲ್ಲಿ ರಾತ್ರಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳು ಸೋರಿದ ಗ್ಯಾಸಿನ ಬೆಂಕಿಗೆ ಸಿಕ್ಕರು. ಒಂಬತ್ತು ಮಂದಿ ಸುಟ್ಟುಕೊಂಡರು. ಮುಂದಿನ ದಿನಗಳಲ್ಲಿ ಒಬ್ಬೊಬ್ಬರಾಗಿ ಎಂಟು ಮಂದಿ ತೀರಿಕೊಂಡರು. ಆ ವಾರ ಹುಬ್ಬಳ್ಳಿಯಲ್ಲಿ ಬೇರೆ ಮಾತೇ ಇರಲಿಲ್ಲ.

ನೆಲದ ಮೇಲೆ ಮಲಗಿದವರು ಗ್ಯಾಸ್ ಹರಿಯುವ ಮಟ್ಟದಲ್ಲೇ ಮಲಗಿರುತ್ತಾರೆ. ನಿದ್ದೆಯಲ್ಲಿ ಮೂಗು ನಂಬುವಂಥದ್ದಲ್ಲ. ಆದ್ದರಿಂದ ಮಾಲೆ ಶಿಬಿರ, ಪಾದಯಾತ್ರೆಯ ತಂಗುದಾಣ, ಗಣಪತಿ ಪೆಂಡಾಲು, ಜಾತ್ರೆಯ ದಾಸೋಹ, ಯಾವುದೇ ಇರಲಿ, ಸಿಲಿಂಡರ್ ಇರುವ ಕೋಣೆಯಲ್ಲಿ ಮಲಗಬಾರದು. ಅಡುಗೆ ಮುಗಿದ ಮೇಲೆ ಒಬ್ಬನಿಗೆ, ಒಬ್ಬನಿಗೇ, ಜವಾಬ್ದಾರಿ ಕೊಡಿ: ರೆಗ್ಯುಲೇಟರ್ ಬಿಡಿಸಿ, ಕ್ಯಾಪ್ ಹಾಕಿ, ಸಿಲಿಂಡರನ್ನು ಹೊರಗೆ ನೆರಳಲ್ಲಿ ನಿಲ್ಲಿಸಿ ಬಂದು ಹೇಳಬೇಕು. 'ಎಲ್ಲರೂ ನೋಡ್ಕೊಳ್ರಿ' ಅಂದರೆ ಯಾರೂ ನೋಡುವುದಿಲ್ಲ. ಪೆಂಡಾಲಿನ ಬಟ್ಟೆಯ ಗೋಡೆಗೆ ತಾಗಿಸಿ ಒಲೆ ಹೂಡಬೇಡಿ. ತುಂಬಿದ ಹೆಚ್ಚುವರಿ ಸಿಲಿಂಡರುಗಳು ಉರಿಯುವ ಒಲೆಯ ಪಕ್ಕದಲ್ಲಲ್ಲ, ದೂರದಲ್ಲಿ ಇರಲಿ.

ಎಷ್ಟು ಸಿಲಿಂಡರ್ ಇಡಬಹುದು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಒಂದು ಕಡೆ ಇಡಬಹುದಾದ ಅಡುಗೆ ಗ್ಯಾಸ್ ಒಟ್ಟು 100 ಕಿಲೋ ಮಾತ್ರ. 19 ಕಿಲೋದ ವಾಣಿಜ್ಯ ಸಿಲಿಂಡರ್ ಆದರೆ ಐದಕ್ಕೇ 95 ಕಿಲೋ. ಆರನೆಯದು ಬಂತೆಂದರೆ ನಿಯಮ ಮೀರಿದಂತೆ. ಕಲ್ಯಾಣ ಮಂಟಪದವರು, ಅಡುಗೆ ಗುತ್ತಿಗೆ ಹಿಡಿಯುವವರು ಈ ಲೆಕ್ಕವನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಗಿರ್ಮಿಟ್-ಮಿರ್ಚಿ ಗಾಡಿಯವರಿಗೂ ಒಂದು ಮಾತು. ಮನೆಯ ಕೆಂಪು ಸಿಲಿಂಡರ್ ಅಂಗಡಿಯಲ್ಲಿ, ಖಾನಾವಳಿಯಲ್ಲಿ ಬಳಸುವಂತಿಲ್ಲ, ವಾಹನಕ್ಕೂ ತುಂಬಿಸುವಂತಿಲ್ಲ. ಅಗತ್ಯ ವಸ್ತುಗಳ ಕಾಯ್ದೆಯಡಿ ಬಂದಿರುವ 2000ದ ಎಲ್‌ಪಿಜಿ ಆದೇಶ ಅದನ್ನು ನಿಷೇಧಿಸುತ್ತದೆ. ಸಂಜೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಕಡೆ ಕುದಿಯುವ ಎಣ್ಣೆಯ ಕಡಾಯಿ, ಅದರ ಕೆಳಗೇ ಸಿಲಿಂಡರ್ ಇದ್ದರೆ, ಓಡಿ ಹೋಗಲಾದರೂ ಜಾಗ ಎಲ್ಲಿದೆ? ಸಿಲಿಂಡರ್ ಗಾಡಿಯ ಹೊರಬದಿಗೆ ನಿಲ್ಲಲಿ, ಗಿರಾಕಿಗಳು ನಿಲ್ಲುವ ಕಡೆ ಬೇಡ.

ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಕೊಡುವ ಸಂದಿಗೊಂದಿಯ ದಂಧೆ ಇನ್ನೂ ಇದೆ. ಕಾಯ್ದೆ ಪ್ರಕಾರ ಅಪರಾಧ ಎಂಬುದು ಒಂದು. ಎರಡನೆಯದು, ತುಂಬುವ ಘಟಕದಲ್ಲಿ ಸಿಲಿಂಡರನ್ನು ಎಂದೂ ಕಂಠಮಟ್ಟ ತುಂಬುವುದಿಲ್ಲ, ಕಾವಿಗೆ ದ್ರವ ಹಿಗ್ಗಲು ಜಾಗ ಬಿಡುತ್ತಾರೆ. ಸಂದಿಯವನಿಗೆ ಆ ಲೆಕ್ಕ ಯಾರು ಹೇಳಿದ್ದಾರೆ? ಅಂಥದ್ದನ್ನು ಏಪ್ರಿಲ್ ಬಿಸಿಲಲ್ಲಿ ತಗಡು ಹೊದಿಸಿದ ಪತ್ರಾಸ್ ಮನೆಯೊಳಗೆ ಇಟ್ಟುಕೊಳ್ಳುವುದು ಯಾಕೆ? ಬಾಡಿಗೆ ರೂಮಿನವರಿಗೆ 5 ಕಿಲೋದ ಅಧಿಕೃತ ಸಣ್ಣ ಸಿಲಿಂಡರ್ ಸಿಗುತ್ತದೆ, ಗುರುತಿನ ಚೀಟಿ ತೋರಿಸಿದರೆ ಆಯಿತು, ವಿಳಾಸದ ದಾಖಲೆ ಕೇಳುವುದಿಲ್ಲ.

ಪೈಪ್‌ಲೈನ್ ಗ್ಯಾಸ್ ಬಂದ ಮನೆಗಳಿಗೆ

ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಿಗೆ ಈಗ ಪೈಪಿನಲ್ಲಿ ಗ್ಯಾಸ್ ಬರುತ್ತಿದೆ. ಅದು ಬೇರೆ ಅನಿಲ, ಮುಖ್ಯವಾಗಿ ಮೀಥೇನ್, ಗಾಳಿಗಿಂತ ಹಗುರ. ಸೋರಿದರೆ ಮೇಲಕ್ಕೇರಿ ಮಾಳಿಗೆಯ ಅಡಿ ನಿಲ್ಲುತ್ತದೆ. ಅಂಥ ಮನೆಗೆ ಬೆಳಕಿಂಡಿಯೇ ಸರಿ, ಮೇಲಿನ ಕಿಂಡಿಗಳನ್ನು ಮುಚ್ಚಬೇಡಿ. ಒಲೆಯನ್ನೂ ಆ ಗ್ಯಾಸಿಗೆ ತಕ್ಕಂತೆ ಮೆಕ್ಯಾನಿಕ್ಕೇ ಬದಲಿಸಿಕೊಡಬೇಕು.

ವಿಮೆ, ಕಾಗದ ಪತ್ರ

ತೈಲ ಕಂಪನಿಗಳು ಗ್ರಾಹಕರ ಪರವಾಗಿ ಅಪಘಾತ ವಿಮೆ ಮಾಡಿಸಿರುತ್ತವೆ, ನಾವು ಕಂತು ಕಟ್ಟಬೇಕಿಲ್ಲ. ಗ್ಯಾಸ್ ಅಪಘಾತದಲ್ಲಿ ಸಾವಾದರೆ ಒಬ್ಬರಿಗೆ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಆಸ್ತಿ ಹಾನಿಗೆ 2 ಲಕ್ಷದವರೆಗೆ. ಆಸ್ತಿಯ ಹಣ ಸಿಗುವುದು ಕನೆಕ್ಷನ್ ಯಾವ ವಿಳಾಸದಲ್ಲಿ ನೋಂದಣಿಯಾಗಿದೆಯೋ ಆ ಮನೆಗೆ ಮಾತ್ರ. ಹಾವೇರಿಯ ಊರಮನೆಯ ಹೆಸರಲ್ಲಿ ಕನೆಕ್ಷನ್ ಇಟ್ಟುಕೊಂಡು ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಸಿಲಿಂಡರ್ ಉರಿಸುವವರು ಎಷ್ಟು ಜನ ಎಂಬುದು ನಮಗೇ ಗೊತ್ತು. ವಿಳಾಸ ಬದಲಿಸಿಕೊಳ್ಳಿ. ಏಜೆನ್ಸಿಯ ಮೆಕ್ಯಾನಿಕ್ 5 ವರ್ಷಕ್ಕೊಮ್ಮೆ ತಪಾಸಣೆಗೆ ಬಂದಾಗ ಬಾಗಿಲಿಂದಲೇ ಸಹಿ ಹಾಕಿ ಕಳಿಸಬೇಡಿ, ಒಳಗೆ ಕರೆದು ಪೈಪು, ವಾಷರ್, ಒಲೆ ತೋರಿಸಿ, ಚೀಟಿ ಪಡೆಯಿರಿ. ಅವಘಡವಾದರೆ ಏಜೆನ್ಸಿಗೂ ಪೊಲೀಸರಿಗೂ ಕೂಡಲೇ ಬರವಣಿಗೆಯಲ್ಲಿ ತಿಳಿಸಬೇಕು, ಆಗ ಕೇಳುವ ಮೊದಲ ಕಾಗದಗಳಲ್ಲಿ ಈ ಚೀಟಿಯೂ ಒಂದು.

ನಮ್ಮ ಮನೆಯ ಚೀಟಿ, ಗ್ಯಾಸಿನ ಪುಸ್ತಕ, ಪೈಪಿನ ರಸೀದಿ ಮೂರನ್ನೂ ಅವ್ವ ಪೇಢಾ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ, ಡಬ್ಬಿ ಪಡಸಾಲೆಯಲ್ಲಿದೆ. ಅಡುಗೆಮನೆಯಲ್ಲಿ ಇಟ್ಟಿಲ್ಲ.